ಆನೆಯನ್ನು ಎಲ್ಲಿ ಅಡಗಿಸುವುದು

ಡೊಂಬಿವಲಿಯ ನಮ್ಮ ಮನೆಯಲ್ಲಿ ಕಬ್ಬಿಣದ ಕಪಾಟು ಇರುವುದು ಒಂದೇ. ಅದರ ಕೆಳಗಿನ ಎರಡು ಖಾನೆಗಳಲ್ಲಿ ಸೀರೆ ಇರಬೇಕಾಗಿತ್ತು. ಇರುವುದು ಹಳೆಯ ಚಿತ್ರಕಥೆ ಪುಸ್ತಕಗಳು. ಒಂದೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ನಡುನಡುವೆ ಒಣಗಿದ ಬೇವಿನೆಲೆ ಇಟ್ಟಿದ್ದೇನೆ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು "ಹೊಸ ಸೀರೆ ತೋರಿಸಿ" ಅಂದರೆ ನನ್ನ ಮಗಳು ಬಾಯಿ ಹಾಕುತ್ತಾಳೆ: "ಆಂಟಿ, ಮಮ್ಮೀ ಕೇ ಪಾಸ್ ಸಾಡೀ ನಹೀಂ ಹೈ, ರಾಕ್ಷಸ್ ಹೈ!"

ಹಳೆ ಪೇಪರು ಮಾರಲು ರದ್ದಿ ಅಂಗಡಿಗೆ ಹೋದವಳು, ತಕ್ಕಡಿಯಲ್ಲಿ ಇನ್ನೊಬ್ಬರು ಹಾಕಿದ್ದ ಇಂಥದೊಂದು ಪುಸ್ತಕ ಎತ್ತಿಕೊಂಡು ಮನೆಗೆ ಬಂದೆ. ಅಲ್ಲಿಂದ ಈ ಹುಚ್ಚು ಹಿಡಿಯಿತು. ನಮ್ಮ ಯಜಮಾನರು ತುರ್ಭೆಯಲ್ಲಿ ಹೋಟೆಲಿನ ಗಲ್ಲಾದ ಮೇಲೆ ಕೂರುವವರು. "ಚಿನ್ನ ಕೇಳುವುದಿಲ್ಲವಲ್ಲ, ಬಿಡು" ಎಂದು ಹೇಳಿ ಸುಮ್ಮನಾದರು. ದೇವರು ಕೊಟ್ಟ ಸಣ್ಣ ಸಣ್ಣ ಉಪಕಾರಗಳನ್ನು ಬೆಳಿಗ್ಗೆ ದೀಪ ಹಚ್ಚುವಾಗ ಮನಸ್ಸಿನಲ್ಲಿ ಹೇಳಿಕೊಳ್ಳುವುದು ನನ್ನ ರೂಢಿ. ಅವರ ಆ ಮಾತೂ ಅದರಲ್ಲೊಂದು.

ಆದರೆ ನಿಜವಾಗಿ ನಾನು ಹುಡುಕುತ್ತಿದ್ದದ್ದು ಒಂದೇ ಒಂದು ಪುಸ್ತಕ.

ನಾವು ಚಿಕ್ಕವರಿದ್ದಾಗ ಠಾಣೆಯ ಒಂದು ಚಾಳಿನಲ್ಲಿ, ಒಂದೇ ಕೋಣೆಯ ಸಾಲುಮನೆಯಲ್ಲಿ ಇದ್ದೆವು. ಅಪ್ಪಯ್ಯ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಊರಿನಿಂದ ಬಸ್ಸಿಳಿದು ಬಂದ ಯಾರೋ ಗಿರಾಕಿ ತಿಂಡಿ ತಿಂದು, ಕನ್ನಡದ ಚಿತ್ರಕಥೆ ಪುಸ್ತಕವೊಂದನ್ನು ಮೇಜಿನ ಮೇಲೆ ಬಿಟ್ಟು ಹೋದರು. ಅಪ್ಪಯ್ಯ ಅದನ್ನು ವಾರವಿಡೀ ಗಲ್ಲಾದ ಪಕ್ಕದಲ್ಲೇ ಇಟ್ಟು ಕಾದರು. ಯಾರೂ ಬಾರದಿದ್ದಾಗ ಮನೆಗೆ ತಂದರು. ಅಣ್ಣನಿಗೂ ನನಗೂ ಸ್ವಂತದ್ದೆಂದು ಸಿಕ್ಕಿದ ಮೊದಲ ಪುಸ್ತಕ ಅದು.

ಕಥೆ ಒಬ್ಬ ಆನೆಗಳ್ಳನದು. ಅವನು ರಾಜನ ಆನೆಯನ್ನೇ ಕದ್ದು, ತನ್ನ ಸಣ್ಣ ಹುಲ್ಲಿನ ಮನೆಯೊಳಗೆ ತಂದುಬಿಡುತ್ತಾನೆ. ರಾಜಭಟರು ಊರೆಲ್ಲ ಹುಡುಕಿ ಬಂದು ಬಾಗಿಲು ಬಡಿಯುತ್ತಾರೆ. ಒಳಗೆ ಆನೆ, ಹೊರಗೆ ಭಟರು, ನಡುವೆ ಕಳ್ಳ. "ಬಾಗಿಲು ತೆಗೆ!" ಎನ್ನುತ್ತಾರೆ ಭಟರು. ಅಲ್ಲಿಗೆ ಪುಟ ಮುಗಿಯುತ್ತದೆ. ಮುಂದಿನ ಹಾಳೆ ಇಲ್ಲ. ಯಾರು ಹರಿದಿದ್ದರೋ, ನಮ್ಮ ಕೈಗೆ ಬರುವಾಗಲೇ ಇರಲಿಲ್ಲ.

ಆ ಇಲ್ಲದ ಹಾಳೆಯನ್ನು ಅಣ್ಣ ದಿನಾ ಹೇಳುತ್ತಿದ್ದ. ಬೆಳಿಗ್ಗೆ ಚಾಳಿನ ನಲ್ಲಿಯ ಮುಂದೆ ಕೊಡಗಳ ಸಾಲು. ಸಾಲಿನಲ್ಲಿ ನಿಂತು ನಾನು ಕೇಳುತ್ತಿದ್ದೆ, "ಮತ್ತೆ ಎಂತ ಆಯ್ತು?" ಅವನು ಒಂದು ದಿನ, ಕಳ್ಳ ಆನೆಗೆ ಸುಣ್ಣ ಬಳಿದು ಗೋಡೆ ಮಾಡಿದ ಅನ್ನುತ್ತಿದ್ದ. ಇನ್ನೊಂದು ದಿನ, ಆನೆಯ ಮೇಲೆ ಕಂಬಳಿ ಹೊದೆಸಿ "ನಮ್ಮ ಅಜ್ಜಿಗೆ ಜ್ವರ, ಮುಟ್ಟಬೇಡಿ" ಅಂದ. "ಅಜ್ಜಿಯ ಮೂಗು ಇಷ್ಟುದ್ದ ಯಾಕೆ?" ಎಂದು ಭಟ ಕೇಳಿದರೆ "ನೆಗಡಿ ಸ್ವಾಮಿ, ಬಾತಿದೆ" ಅಂದ. ನಾನು ನಕ್ಕು ನಕ್ಕು ಕೊಡ ಬೀಳಿಸಿ, ಹಿಂದೆ ನಿಂತ ಹೆಂಗಸಿನಿಂದ ಬೈಸಿಕೊಂಡಿದ್ದೇನೆ.

ನವರಾತ್ರಿಯಲ್ಲಿ ಅಮ್ಮ ಶಾರದೆಯ ಮುಂದೆ ನಮ್ಮ ಪಾಠದ ಪುಸ್ತಕಗಳ ಜೊತೆ ಇದನ್ನೂ ಇಡುತ್ತಿದ್ದಳು. ರಕ್ಷಾಪುಟದಲ್ಲಿ ದೇವರ ಚಿತ್ರವೇನೂ ಇರಲಿಲ್ಲ, ಆನೆ ಇತ್ತು. "ಆನೆ ಅಂದರೆ ಗಣಪತಿಯೇ ಅಲ್ವಾ?" ಎಂದು ಅದರ ಹಣೆಗೆ ಅರಿಶಿನ, ಕುಂಕುಮ ಇಡುತ್ತಿದ್ದಳು. ಒಂದೊಂದು ವರ್ಷಕ್ಕೂ ಬೊಟ್ಟು ಸ್ವಲ್ಪ ದಪ್ಪವಾಗುತ್ತಿತ್ತು. ಆಮೇಲೆ ನಾವು ಚಾಳು ಬಿಟ್ಟೆವು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಪುಸ್ತಕ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಣ್ಣ ದೊಡ್ಡವನಾದ, ರಬಾಳೆಯ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನ್ ನಡೆಸಿದ, ಐರೋಲಿಯಲ್ಲಿ ಮನೆ ಮಾಡಿದ. ನಾನು ಹೊಸ ಪುಸ್ತಕ ಸಿಕ್ಕಿತು ಎಂದು ಫೋನ್ ಮಾಡಿದಾಗಲೆಲ್ಲ ಅವನ ಪ್ರಶ್ನೆ ಒಂದೇ: "ಆ ಕೊನೇ ಹಾಳೆ ಸಿಕ್ಕಿತಾ ಮಾರಾಯ್ತಿ?"

ಕಳೆದ ಬೇಸಿಗೆಯಲ್ಲಿ ಅಣ್ಣನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಕಾಲು ನಿಧಾನಕ್ಕೆ ಬಂತು. ಬಲಗೈ ಅರ್ಧ ಬಂತು. ಮಾತು ಮಾತ್ರ ಬರಲಿಲ್ಲ. ಕ್ಯಾಂಟೀನಿನಲ್ಲಿ ಮುನ್ನೂರು ಜನರ ಗಲಾಟೆಯ ಮೇಲೆ ಕೇಳುವ ಗಂಟಲು ಅದು. ಮೊದಮೊದಲು ಪ್ರಯತ್ನ ಮಾಡುತ್ತಿದ್ದ. ಅವನು "ನೀ… ನೀ…" ಅನ್ನುವಷ್ಟರಲ್ಲಿ ಅತ್ತಿಗೆ "ನೀರಾ? ತಂದೆ ಇರಿ" ಎಂದು ಲೋಟ ಹಿಡಿಯುತ್ತಿದ್ದರು. ಪಾಪ, ಅವರದು ಪ್ರೀತಿಯೇ. ಆದರೆ ಹೇಳುವ ಮೊದಲೇ ಎಲ್ಲ ಸಿಗುತ್ತಿದ್ದರಿಂದ ಅವನು ಹೇಳುವುದನ್ನೇ ಬಿಟ್ಟ. ಬೆರಳು ತೋರಿಸುವುದು, ತಲೆ ಆಡಿಸುವುದು, ಅಷ್ಟೇ. ಮಾತು ಕಲಿಸಲು ಬರುವ ಹುಡುಗಿ ಅತ್ತಿಗೆಗೆ ಹೇಳಿದ್ದಳಂತೆ, "ಅವರಿಗೆ ತಾನಾಗಿ ಏನಾದರೂ ಹೇಳಬೇಕು ಅನ್ನಿಸಬೇಕು. ಹೀಗೇ ಸುಮ್ಮನಿದ್ದರೆ ಮುಂದೆ ಕಷ್ಟ."

ಅತ್ತಿಗೆ ಫೋನಿನಲ್ಲಿ ಇದನ್ನು ಹೇಳಿ ಅತ್ತರು. ನಾನು ದೇವರ ಮುಂದೆ ಕೂತು, ಬೇರೇನೂ ಬೇಡ, ಅವನ ಬಾಯಿಗೆ ಒಂದು ಮಾತು ಕೊಡು ಎಂದು ಬೇಡಿಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ ಠಾಣೆಯಿಂದ ಫೋಟೊ ಬಂತು. ಅಲ್ಲೊಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರಿದ್ದಾರೆ. ಅವರಿಗೂ ನನ್ನದೇ ಹುಚ್ಚು, ಆದರೆ ನನಗಿಂತ ಹತ್ತು ಪಾಲು ಹೆಚ್ಚು. ಮರಾಠಿಯವರು, ಕನ್ನಡ ಒಂದಕ್ಷರ ಬಾರದಿದ್ದರೂ ಚಿತ್ರಕ್ಕಾಗಿ ಎಲ್ಲ ಭಾಷೆಯ ಪುಸ್ತಕಗಳನ್ನೂ ಕೂಡಿಸುತ್ತಾರೆ. ಫೋಟೊದಲ್ಲಿ ಎರಡು ಪುಸ್ತಕ, ಎರಡರ ಮೇಲೂ ಅದೇ ಆನೆ. ನನ್ನ ಒಲೆಯ ಮೇಲೆ ಸಾರು ಉಕ್ಕಿತು.

ಮರುದಿನ ಬೆಳಗಿನ ನೂಕುನುಗ್ಗಲು ಇಳಿದ ಮೇಲೆ ಲೋಕಲ್ ರೈಲು ಹಿಡಿದು ಹೋದೆ. ಮಾಸ್ತರರದು ಒಂದು ಕೊಟ್ಟು ಒಂದು ತೆಗೆದುಕೊಳ್ಳುವ ಲೆಕ್ಕ, ದುಡ್ಡಿಗೆ ಕೊಡುವವರಲ್ಲ. ನನ್ನ ಹತ್ತಿರ ಅವರಿಗೆ ಬೇಕಾದದ್ದು ಒಂದೇ ಇತ್ತು, ಒಬ್ಬ ಮಂತ್ರವಾದಿಯ ಕಥೆ. ಅದನ್ನು ಕೈಗೆ ತೆಗೆದುಕೊಂಡು ಭೂತಗನ್ನಡಿ ಹಿಡಿದರು. ರಕ್ಷಾಪುಟದ ಕೆಂಪು ಕಲೆಯೊಂದರ ಮೇಲೆ ಬೆರಳಿಟ್ಟು ಮುಖ ಹುಳ್ಳಗೆ ಮಾಡಿದರು.

"ವಹಿನಿ, ಹಾ ಡಾಗ್ ಕಸಲಾ?"

"ಡಾಗ್ ಅಲ್ಲ ಸರ್, ಹಲ್ದೀ ಕುಂಕೂ. ಪೂಜಾ ಕಾ ಹೈ."

"ಮಂತ್ರವಾದಿಗೆ ಪೂಜೆಯೇ?"

"ಪುಸ್ತಕಕ್ಕೆ ಸರ್. ನಮ್ಮಲ್ಲಿ ಎಲ್ಲ ಪುಸ್ತಕಕ್ಕೂ ಇಡುತ್ತೇವೆ."

ಅವರು ಹಣೆಗೆ ಕೈ ಹಚ್ಚಿದರು. "ನೀವು ಸೌತ್‌ನ ಹೆಂಗಸರು ಸೇರಿ ಅರ್ಧ ಹಿಂದೂಸ್ಥಾನದ ಪುಸ್ತಕಗಳ ಕಿಮ್ಮತ್ತು ತೆಗೆದಿರಿ," ಎಂದು ಹಿಂದಿಯಲ್ಲಿ ಗೊಣಗುತ್ತ, ಅವರ ಎರಡು ಪುಸ್ತಕಗಳನ್ನು ಮೇಜಿನ ಮೇಲಿಟ್ಟರು. "ನೋಡಿ, ಇಲ್ಲೂ ಅದೇ ಕಥೆ."

ಒಂದು, ಈಗಷ್ಟೇ ಅಚ್ಚಾದಂತೆ ಶುಭ್ರ. ತೆರೆದರೆ ಕೊನೆಯ ಹಾಳೆಯೂ ಇತ್ತು. ಇನ್ನೊಂದು ಕಲ್ಯಾಣದ ರದ್ದಿ ರಾಶಿಯಲ್ಲಿ ಸಿಕ್ಕಿದ್ದಂತೆ; ಅಂಚು ಸವೆದಿತ್ತು, ಕೊನೆಯ ಹಾಳೆ ಇರಲಿಲ್ಲ, ಆನೆಯ ಹಣೆಯ ಮೇಲೆ ಕಪ್ಪಾದ ಕುಂಕುಮ. ದಪ್ಪ ಬೊಟ್ಟು, ವರ್ಷ ವರ್ಷವೂ ಇಟ್ಟದ್ದು.

ನಮ್ಮದೇ ಎಂದು ಆಣೆ ಮಾಡಲಾರೆ. ಆನೆ ಕಂಡರೆ ಕುಂಕುಮ ಇಡುವ ಅಮ್ಮಂದಿರು ಈ ಕಡೆ ಎಷ್ಟೋ ಮಂದಿ. ಆದರೂ ಬೆರಳು ಆ ಬೊಟ್ಟಿನ ಮೇಲೆ ಹೋಯಿತು, ಅಲ್ಲಿಂದ ಏಳಲಿಲ್ಲ.

"ಕ್ಲೀನ್ ಕಾಪಿ ತೆಗೆದುಕೊಳ್ಳಿ," ಅಂದರು ಮಾಸ್ತರರು. "ಇನ್ನೊಮ್ಮೆ ಸಿಗುವುದಿಲ್ಲ. ಅದನ್ನು ಯಾರು ಮುಟ್ಟುತ್ತಾರೆ?"

"ಎರಡನ್ನೂ ಕೊಡುತ್ತೀರಾ?"

"ಎರಡು ತನ್ನಿ, ಎರಡು ಒಯ್ಯಿರಿ."

ಶುಭ್ರವಾದದ್ದು ಅಣ್ಣನಿಗೆ. ಜನ್ಮವಿಡೀ ಕೇಳಿದ ಹಾಳೆ ಅದರಲ್ಲಿತ್ತು. ಕುಂಕುಮದ್ದು ನನಗೆ. ಅದರ ಮೇಲೆ ಅಮ್ಮನ ಕೈ ಇತ್ತು, ಇದ್ದಿರಬಹುದು. ಅಣ್ಣನಿಗೂ ಇದೇ ಇಷ್ಟವಾದೀತು, ಹಳೆಯದೆಲ್ಲ ನೆನಪಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದನ್ನು ತಂದರೆ ಎರಡು ದಿನ ಅವನ ಕೈಗೆ ಕೊಟ್ಟು, ಮೂರನೆಯ ದಿನ ನನ್ನ ಕಪಾಟಿಗೆ ತರುತ್ತೇನೆ ಎಂಬುದು ನನಗೂ ಗೊತ್ತಿತ್ತು, ದೇವರಿಗೂ ಗೊತ್ತಿತ್ತು. "ನಾಳೆ ಹೇಳುತ್ತೇನೆ ಸರ್" ಎಂದು ಎದ್ದೆ.

ನಮ್ಮ ಊರ ಕಡೆ ಮನಸ್ಸು ಎರಡಾದಾಗ ದೇವರ ಮೇಲೆ ಹೂವಿಟ್ಟು ಕೇಳುವುದುಂಟು. ಮರುದಿನ ಸ್ನಾನ ಮಾಡಿ, ದಾಸವಾಳದ ಎರಡು ಎಸಳು ಒದ್ದೆ ಮಾಡಿ, ಕೃಷ್ಣನ ಎರಡು ಭುಜಗಳಿಗೆ ಅಂಟಿಸಿದೆ. ಬಲಗಡೆಯದು ಮೊದಲು ಬಿದ್ದರೆ ಶುಭ್ರವಾದದ್ದು, ಎಡಗಡೆಯದು ಬಿದ್ದರೆ ಕುಂಕುಮದ್ದು. ಹಿಂದೆ ಹಲ್ಲುಜ್ಜುತ್ತ ನಿಂತಿದ್ದ ಮಗಳು ಬ್ರಷ್ ತೆಗೆದಳು.

"ಮಮ್ಮೀ! ಲೆಫ್ಟ್ ವಾಲಾ ತೋ ಠೀಕ್ ಸೇ ಚಿಪ್ಕಾಯಾ ಹೀ ನಹೀಂ. ಚೀಟಿಂಗ್!"

"ನಿನ್ನ ಹಲ್ಲು ನೀನು ಉಜ್ಜು," ಅಂದೆ. ಎಡಗಡೆಯದನ್ನು ಸ್ವಲ್ಪ ಸಡಿಲವಾಗಿ ಅಂಟಿಸಿದ್ದು ಹೌದು.

ಕೈ ಮುಗಿದು ಕೂತೆ. ಸಡಿಲವಾದದ್ದು ಅಲ್ಲೇ ಜೋತಾಡುತ್ತ ನಿಂತಿತು. ಬಿದ್ದದ್ದು ಬಲಗಡೆಯದು, ಗಟ್ಟಿಯಾಗಿ ಅಂಟಿಸಿದ್ದು. ಮಗಳು ನಕ್ಕಳು. ನನಗೆ ದೇವರ ಮೇಲೆ ಸ್ವಲ್ಪ ಸಿಟ್ಟೇ ಬಂತು. ಆದರೆ ಕೇಳಿದ ಮೇಲೆ ನಡೆಯಬೇಕು. ಠಾಣೆಗೆ ಹೋಗಿ ಶುಭ್ರವಾದದ್ದನ್ನು ತಂದೆ. ಬರುವಾಗ ಇನ್ನೊಂದರ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಮೇಜು ಬಿಟ್ಟು ಏಳುತ್ತಿರಲಿಲ್ಲ.

ಅಲ್ಲಿಂದ ನೇರ ಐರೋಲಿಗೆ. ಅಣ್ಣ ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದ. ಅತ್ತಿಗೆಗೆ ಮೊದಲೇ ಹೇಳಿದ್ದೆ: "ಇವತ್ತು ಅವನು ಏನಾದರೂ ಹೇಳಲು ಹೊರಟರೆ ನೀವು ಬಾಯಿ ಬಿಡಬಾರದು." ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡೇ ಕೂತರು.

ಪುಸ್ತಕವನ್ನು ಅಣ್ಣನ ತೊಡೆಯ ಮೇಲಿಟ್ಟೆ. ಆನೆಯನ್ನು ನೋಡಿದ. ನನ್ನನ್ನು ನೋಡಿದ. ಎಡಗೈಯಿಂದ ಒಂದೊಂದೇ ಹಾಳೆ ತಿರುವಿದ. ಕಳ್ಳ ಬಂದ, ಆನೆ ಬಂತು, ಭಟರು ಬಾಗಿಲು ಬಡಿದರು. ಆಮೇಲಿನ ಹಾಳೆಯ ಮೇಲೆ ಅವನ ಕೈ ನಿಂತಿತು. ನಾನೇ ತಿರುವಿದೆ. ನಾನೂ ಓದಿರಲಿಲ್ಲ, ಅವನ ಜೊತೆಗೇ ಓದಬೇಕೆಂದು ಲೋಕಲಿನಲ್ಲಿ ಕವರು ಬಿಚ್ಚಿರಲಿಲ್ಲ.

ಕೊನೆಯ ಪುಟದಲ್ಲಿ ಕಳ್ಳ ಬಾಗಿಲು ತೆಗೆದು, ಭಟರ ಕಾಲಿಗೆ ಬಿದ್ದು, "ತಪ್ಪಾಯಿತು, ಇನ್ನು ಕದಿಯುವುದಿಲ್ಲ" ಎನ್ನುತ್ತಾನೆ. ರಾಜ ಕ್ಷಮಿಸುತ್ತಾನೆ. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ನೀತಿ.

ಅಷ್ಟೇ.

ಅಣ್ಣ ಆ ಪುಟವನ್ನು ನೋಡುತ್ತಲೇ ಇದ್ದ. ಮುಖ ಕೆಂಪಾಯಿತು. ಇದನ್ನು ಯಾಕಾದರೂ ತಂದೆನೋ, ಕುಂಕುಮದ್ದನ್ನು ತಂದಿದ್ದರೆ ಸುಮ್ಮನೆ ಎದೆಗೊತ್ತಿಕೊಂಡು ಕೂರುತ್ತಿದ್ದ ಅನ್ನಿಸಿತು. ಅವನ ದವಡೆ ಅತ್ತಿತ್ತ ಅಲುಗಿತು. ಅತ್ತಿಗೆ ಅರ್ಧ ಎದ್ದರು, ನಾನು ಕೈ ಹಿಡಿದು ಕೂರಿಸಿದೆ.

"ಸು…" ಅಂದ ಅಣ್ಣ. "ಸು… ಸುಳ್ಳು."

ಎಡಗೈ ಪುಟದ ಮೇಲೆ ಬಡಿಯಿತು. "ಸುಳ್ಳು!"

ನನಗೆ ಅಳು, ನಗು ಒಟ್ಟಿಗೇ ಬಂದವು. "ಸುಳ್ಳಾ? ಅಚ್ಚಾಗಿದೆಯಲ್ಲ ಮಾರಾಯ. ಮತ್ತೆ ನಿಜ ಎಂತ?"

ಅವನು ನನ್ನನ್ನು ಚಿಕ್ಕವಳಿದ್ದಾಗ ನೋಡುತ್ತಿದ್ದ ಹಾಗೆಯೇ ನೋಡಿದ, ಇಷ್ಟೂ ಗೊತ್ತಿಲ್ಲವಾ ಎನ್ನುವಂತೆ. ತುಂಬ ಹೊತ್ತು ತುಟಿಗಳು ಹುಡುಕಿದವು. ನಾವು ಕಾದೆವು. ಕೆಳಗೆ ತರಕಾರಿಯವನು ಕೂಗಿ ಕೂಗಿ ಮುಂದೆ ಹೋದ.

"ಅಜ್ಜಿ," ಅಂದ. "ಅಜ್ಜಿಗೆ… ಜ್ವರ."

ಅತ್ತಿಗೆಗೆ ತಲೆಬುಡ ಗೊತ್ತಾಗಲಿಲ್ಲ. "ಯಾವ ಅಜ್ಜಿಗೆ?" ಎಂದು ಗಾಬರಿಯಿಂದ ಕೇಳಿದರು. ಅಣ್ಣ ನಗತೊಡಗಿದ. ಬಾಯಿ ಒಂದು ಕಡೆಗೆ ವಾಲುತ್ತಿತ್ತು, ನಗು ಮಾತ್ರ ಮೊದಲಿನದೇ.

ಕುಂಕುಮದ ಪುಸ್ತಕ ನನಗೆ ಸಿಗಲಿಲ್ಲ. ಯಾರು ಮುಟ್ಟುತ್ತಾರೆ ಎಂದಿದ್ದ ಮಾಸ್ತರರೇ, ಯಾರೋ ಕೇಳಿದರೆಂದು ಕೊಟ್ಟುಬಿಟ್ಟರಂತೆ. ಎರಡು ದಿನ ಊಟ ರುಚಿಸಲಿಲ್ಲ. ಆಮೇಲೆ, ಅದನ್ನು ಕೇಳಿ ಒಯ್ದವರಿಗೂ ಒಬ್ಬ ಅಮ್ಮ ಇದ್ದಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಈ ನವರಾತ್ರಿಯಲ್ಲಿ ಐರೋಲಿಗೆ ಹೋಗಿ ಶಾರದೆಯ ಮುಂದೆ ಶುಭ್ರ ಪುಸ್ತಕವನ್ನು ಇಟ್ಟೆ. ಕುಂಕುಮದ ಬಟ್ಟಲು ಎತ್ತುವಷ್ಟರಲ್ಲಿ ಅಣ್ಣ ಬಲಗೈ ಚಾಚಿದ. ಅದು ಇನ್ನೂ ಹೇಳಿದಂತೆ ಕೇಳುವ ಕೈಯಲ್ಲ. ಹಣೆಗೆ ಹೊರಟ ಬೆರಳು ನಡುಗಿ, ಬೊಟ್ಟು ಸೊಂಡಿಲಿನ ಮೇಲೆ ಕೂತಿತು. ಠಾಣೆಯಲ್ಲಿ ಮಾಸ್ತರರಿಗೆ ಆ ಹೊತ್ತಿಗೆ ಬಿಕ್ಕಳಿಕೆ ಬಂದಿರಬೇಕು.

ಈಗ ಅವನು ದಿನಾ ಬೆಳಿಗ್ಗೆ ಫೋನ್ ಮಾಡುತ್ತಾನೆ, ಚಾಳಿನಲ್ಲಿ ನೀರು ಬರುತ್ತಿದ್ದ ಹೊತ್ತಿಗೆ. ನಾನು ದೀಪ ಹಚ್ಚಿ ಫೋನನ್ನು ದೇವರ ಪಕ್ಕದಲ್ಲೇ ಇಟ್ಟಿರುತ್ತೇನೆ. ಮಾತು ನಿಧಾನ, ನಡುವೆ ತುಂಬ ಖಾಲಿ. ಖಾಲಿ ಇದ್ದಲ್ಲಿ ನಾನು ಏನನ್ನೂ ತುಂಬುವುದಿಲ್ಲ.

"ಇವತ್ತು ಆನೆಯನ್ನು ಎಲ್ಲಿ ಅಡಗಿಸಿದ?" ಎಂದು ನಿನ್ನೆ ಕೇಳಿದೆ.

"ಲೋಕಲ್," ಅಂದ. "ಡೊಂಬಿವಲಿ… ಫಾಸ್ಟ್."

"ಅಯ್ಯೋ, ಅಷ್ಟು ಜನರಲ್ಲಿ ಯಾರಿಗೂ ಕಾಣಲಿಲ್ವಾ?"

ಆ ಕಡೆ ಉಸಿರು ಕೇಳುತ್ತಿತ್ತು. ಕಾದೆ.

"ಎಲ್ಲರೂ… ಹೇಳಿದರು," ಅಂದ ಅಣ್ಣ. "ಸ್ವಲ್ಪ… ಆಚೆ ಸರಿಯಿರಿ."