ಯಾವ ಗುಂಡು ಒಳ್ಳೆಯದು

ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ನಮ್ಮ ಯಜಮಾನರಿಗೆ ತೊಂಬತ್ತರ ದಶಕದ ಮೊದಲಲ್ಲಿ ಬೇಟೆಯ ಹುಚ್ಚು ಹಿಡಿಯಿತು. ಆಗ ನಾವು ಸಿಡ್ನಿಯ ವೆಸ್ಟ್‌ಮೀಡ್‌ನ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಇವರು ಮೂಳೆ ಡಾಕ್ಟರು. ಜೊತೆಯ ಬಿಳಿ ಡಾಕ್ಟರುಗಳು ಮೆಲ್ಬರ್ನ್ ಆಚೆಯ ಬೆಟ್ಟಗಳಿಗೆ ಕಡವೆ ಹೊಡೆಯಲು ಕರೆದಿದ್ದರು. ಸಮುದ್ರ ದಾಟಿ ಬಂದು, ಹಿಂದೆ ಬಿಳಿಯರು ನಮ್ಮ ಕಡೆಯಿಂದ ತಂದು ಬಿಟ್ಟ ಕಡವೆಯನ್ನೇ ಹೊಡೆಯಬೇಕೆ ಅಂತ ನಾನು ಗೊಣಗಿದೆ.

ಊಟಕ್ಕೆ ಕೂತರೆ ಗುಂಡಿನ ಪಾಠ. ಸೀಸ ತಾಮ್ರದ ಹೊದಿಕೆಗೆ ಗಟ್ಟಿಯಾಗಿ ಅಂಟಿರಬೇಕಂತೆ, ಭುಜದ ಮೂಳೆಗೆ ತಗುಲಿದರೂ ಪುಡಿಯಾಗಬಾರದಂತೆ, ಆಳಕ್ಕಿಳಿಯುತ್ತಾ ತುದಿ ಅಣಬೆಯಂತೆ ಅರಳಬೇಕಂತೆ. ನಾನು ಹುಳಿ ಬಡಿಸುತ್ತಾ ಕೇಳಬೇಕು. ಬಾಯಲ್ಲಿ ಮಂತ್ರ, ಕೈಯಲ್ಲಿ ಬಂದೂಕು.

ಮೆಲ್ಬರ್ನ್‌ನ ಕನ್ನಡದ ಎಂಜಿನಿಯರೊಬ್ಬರು ಬೇಟೆ ಬಲ್ಲವರೆಂದು ಯಾರೋ ಹೇಳಿದ್ದರು. ಇವರು ಫೋನ್ ಮಾಡಿದರು.

"ಯಾವ ಗುಂಡು ಒಳ್ಳೇದು ಸಾರ್? ಒಳಗೆ ಹೋದ್ಮೇಲೆ ಹದವಾಗಿ ಅರಳಬೇಕು, ಒಂದೇ ಸಲ ಸಿಡೀಬಾರದು."

"ಸಿಂಗಲ್ ಮಾಲ್ಟ್ ವಿಸ್ಕಿ ತಗೊಳ್ಳಿ ಡಾಕ್ಟ್ರೇ," ಅಂದರು ಅವರು. "ನೀರು ಬೆರೆಸ್ಬೇಡಿ."

ಆ ಮಾತು ಮೆಲ್ಬರ್ನ್‌ನಿಂದ ಸಿಡ್ನಿಗೆ ವಿಮಾನಕ್ಕಿಂತ ಬೇಗ ಬಂತು. ನಮ್ಮ ಕನ್ನಡದವರ ಗಣೇಶನ ಹಬ್ಬ ನಡೆಸುತ್ತಿದ್ದ ಆಂಟಿ ಫೋನ್ ಮಾಡಿದರು. "ಈ ಸಲ ಪೂಜೆಗೆ ನಿಮ್ಮಿಬ್ಬರನ್ನ ಕೂರಿಸೋಣ ಅಂದ್ಕೊಂಡಿದ್ವಿ. ಆದ್ರೆ ನಿಮ್ಮವರು ಗುಂಡು ಶುರು ಮಾಡಿದಾರಂತಲ್ಲಮ್ಮ."

ವರ್ಷ ವರ್ಷ ಪಾಯಸ ಹೊತ್ತು ತಂದು ಕೊನೇ ಸಾಲಿನಲ್ಲಿ ಕೂತು ನನಗೆ ಸಾಕಾಗಿತ್ತು. ಆ ಮಣೆ ನನಗೆ ಬೇಕಿತ್ತು, ಸುಳ್ಳೇಕೆ.

"ಕುಡಿಯೋ ಗುಂಡಲ್ಲ ಆಂಟಿ. ಕಡವೆ ಹೊಡೆಯೋ ಗುಂಡು." ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇದು ಅದಕ್ಕಿಂತ ದೊಡ್ಡ ಪಾಪವಲ್ಲವೇ.

"ಅಷ್ಟೇನಾ," ಅಂದರು ಆಂಟಿ. ದನಿಯೇ ಹಗುರಾಗಿತ್ತು. "ನಮ್ಮನೆಯವರಿಗೆ ಜಪಕ್ಕೆ ಕೂರೋಕೆ ಒಂದು ಚರ್ಮ ಬೇಕಿತ್ತು ಕಣಮ್ಮ. ತೂತು ದೊಡ್ಡದಾಗದೇ ಇರೋ ಗುಂಡು ನೋಡಿ ತಗೊಳ್ಳೋಕೆ ಹೇಳು."

ನನಗೆ ಮೈಯೆಲ್ಲ ಉರಿಯಿತು. ಆದರೂ ಇವರಿಗೆ ಹೇಳಿದೆ; ಮಣೆಯ ಆಸೆ ನೋಡಿ. ಇವರು ತುತ್ತು ಬಿಟ್ಟು ನನ್ನನ್ನೇ ನೋಡಿದರು.

"ಅರಳದ ಗುಂಡಾದ್ರೆ ತೂತು ಚಿಕ್ಕದೇ. ಆದ್ರೆ ಪ್ರಾಣಿ ಬೇಗ ಸಾಯಲ್ಲ, ಕಾಡೊಳಗೆ ಓಡಿ ನರಳುತ್ತೆ. ಅದಕ್ಕೇ ಅಲ್ವಾ ನಾನು ಇಷ್ಟು ಹುಡುಕ್ತಿರೋದು? ಚರ್ಮ ಬೇಕಾದ್ರೆ ತೂತಿನ ಸಮೇತ ತಗೊಳ್ಳಲಿ."

ಅಷ್ಟು ದಿನ ಆಡಿಕೊಂಡು ನಗುತ್ತಿದ್ದವಳು ಅವತ್ತು ಇವರ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದೆ. ಇವರು ಹೇಳಿದಂತೆಯೇ ಆಂಟಿಗೆ ತಿಳಿಸಿದೆ. ಅವರು "ಆಗ್ಲಿ ಬಿಡು," ಅಂದರು.

ಹಬ್ಬದ ಹೊತ್ತಿಗೆ ಇವರು ಹೊಡೆದ ಕಡವೆಯ ಚರ್ಮ ಹದವಾಗಿ ಆಂಟಿಯ ಮನೆ ಸೇರಿತ್ತು. ಮಣೆಯ ಮೇಲೆ ನಾವೇ ಕೂತೆವು. ಪಕ್ಕದಲ್ಲಿ ಅಂಕಲ್ ಕಡವೆಯ ಚರ್ಮದ ಮೇಲೆ ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದರು, ತೂತು ಕಾಣದ ಹಾಗೆ ಪಂಚೆ ಹರಡಿಕೊಂಡು.