ಸದಾನಂದನ ಮರಳಿನ ಚೀಲಗಳು

ಸದಾನಂದ, ಆ ದಿನ ನೀನು ಏನನ್ನೂ ಮರೆತಿರಲಿಲ್ಲ. ನಿನ್ನ ಶೆಡ್ಡಿನ ಬಾಗಿಲಿಗೆ ಮರಳಿನ ಚೀಲಗಳನ್ನು ಇಟ್ಟೇ ಹೋಗಿದ್ದೆ. ಅವನ್ನು ತೆಗೆದವನು ನಾನು.

ಇಷ್ಟು ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಬರೆದು ನೋಡಿದರೆ ಮೂರೇ ವಾಕ್ಯ — ನಾಚಿಕೆಯಾಗುತ್ತದೆ.

ಜುಹೂ ವಿಮಾನ ಮೈದಾನದಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಶೆಡ್. ಒಂದೊಂದರಲ್ಲಿ ಒಂದೊಂದು ಪುಟ್ಟ ಖಾಸಗಿ ವಿಮಾನ. ಒಡೆಯರು ಬೇರೆ ಬೇರೆ, ನೋಡಿಕೊಳ್ಳುವವರು ಧಾರವಾಡದ ನಾನು, ಉಡುಪಿಯ ನೀನು. ಪ್ರತಿ ಮಳೆಗಾಲಕ್ಕೆ ಮೊದಲು ನೀನು ಸಾಂತಾಕ್ರೂಜ್‌ನ ಹೋಟೆಲಿನಿಂದ ಖಾಲಿ ಅಕ್ಕಿಚೀಲ ತಂದು, ಮರಳು ತುಂಬಿ, ದಬ್ಬಣದಿಂದ ಅವುಗಳ ಬಾಯಿ ಹೊಲಿಯುತ್ತ ಕೂರುತ್ತಿದ್ದೆ. ಹೊಲಿಗೆಯೂ ಎಂಥದ್ದು — ಅಳೆದಂತೆ ಒಂದೇ ಸಮ. ಊರಿನ ಅಕ್ಕಿ ಗಿರಣಿಯಲ್ಲಿ ಅಪ್ಪನಿಂದ ಕಲಿತದ್ದು ಎನ್ನುತ್ತಿದ್ದೆ. ನಾನು ಪಕ್ಕದಲ್ಲಿ ಚಹಾ ಹೀರುತ್ತ ಕಾಡುತ್ತಿದ್ದೆ: "ಹಾರೋ ವಸ್ತುವಿಗೆ ನೀರಿನ ಅಂಜಿಕಿ ಎಂಥಾದ್ದೋ? ಹೇಂತಿ ಸೀಮಂತದ ಸೀರಿಗೆ ಫಾಲ್ ಹಚ್ಚಾಕತ್ತೀಯೇನು?" ನನ್ನ ಶೆಡ್ಡಿಗೆ ನಾನು ಒಂದು ಚೀಲವನ್ನೂ ತುಂಬಿರಲಿಲ್ಲ.

ಆ ದಿನ ಬೆಳಿಗ್ಗೆಯಿಂದ ಬಿಡದ ಮಳೆ. ಹನ್ನೊಂದರ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು, ನಿನ್ನ ಹೆಂಡತಿ ವಾಸಂತಿಗೆ ಹೆರಿಗೆ ನೋವು. ಲೋಕಲ್ ರೈಲು ನಿಲ್ಲುವ ಮೊದಲು ನೀನು ಜೋಗೇಶ್ವರಿ ಮುಟ್ಟಬೇಕಿತ್ತು. ಅಂಥ ಅವಸರದಲ್ಲೂ ಬಾಗಿಲಿಗೆ ಪ್ಲಾಸ್ಟಿಕ್ ಹಾಸಿ, ಚೀಲಗಳನ್ನು ಸಾಲು ಸಾಲಾಗಿ ಒಟ್ಟಿದೆ. "ಬಸಣ್ಣ, ನನ್ನ ಕಡೆಯೂ ಸ್ವಲ್ಪ ನೋಡಿಕೊಳ್ಳಿ ಮಾರಾಯ್ರೆ" ಎಂದು ಕೂಗಿ ಹೇಳಿದೆ.

"ನಾ ಅದೀನಲ್ಲ, ನೀ ನಿಶ್ಚಿಂತಿಲೆ ಹೋಗು" ಎಂದೆ ನಾನು.

ಮಧ್ಯಾಹ್ನ ಸಮುದ್ರದ ಉಬ್ಬರ. ನಾಲಾದ ನೀರು ಹಿಂದಕ್ಕೆ ಹೊರಳಿ ಮೈದಾನಕ್ಕೆ ಬಂತು. ನನ್ನ ಬಾಗಿಲಡಿ ನುಗ್ಗತೊಡಗಿದಾಗ ಕೈಕಾಲೇ ಆಡಲಿಲ್ಲ. ಮೇಲಿಂದ ನನ್ನ ಒಡೆಯರ ಫೋನ್ ಮೇಲೆ ಫೋನ್. ಸದಾನಂದನ ಚೀಲಗಳಲ್ಲಿ ಮೇಲಿನ ಸಾಲು ಮಾತ್ರ ತೆಗೆಯೋಣ, ಅವನಿಗೆ ಉಳಿದದ್ದು ಸಾಕು — ಹಾಗೆಂದುಕೊಂಡೇ ಶುರು ಮಾಡಿದೆ. ಆಮೇಲೆ ಎರಡನೆಯ ಸಾಲು. ಆಮೇಲೆ… ತಳ್ಳುಗಾಡಿಯಲ್ಲಿ ಅಷ್ಟನ್ನೂ ನನ್ನ ಬಾಗಿಲಿಗೆ ಸಾಗಿಸಿದೆ. ನಿನ್ನ ಶೆಡ್ ನನ್ನದಕ್ಕಿಂತ ಒಂದು ಗೇಣು ತಗ್ಗಿನಲ್ಲಿತ್ತು. ಅದು ನನಗೆ ಗೊತ್ತಿತ್ತು. ಸಂಜೆಯ ಹೊತ್ತಿಗೆ ನಿನ್ನ ವಿಮಾನದ ಹೊಟ್ಟೆಯೊಳಗೆ ಕೆಸರುನೀರು ಸೇರಿ, ವೈರು ಕೇಬಲ್ಲುಗಳೆಲ್ಲ ಹಾಳಾಗಿದ್ದವು. ನನ್ನದರ ಚಕ್ರ ಮಾತ್ರ ಒದ್ದೆಯಾಗಿತ್ತು.

ಮರುದಿನ ಎಲ್ಲರಿಗಿಂತ ಮೊದಲು ಬಂದು ನಿನ್ನ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದೆ. ಮರಳನ್ನು ಕೆಸರಿಗೆ ಸುರಿದೆ, ಚೀಲಗಳನ್ನೂ ಪ್ಲಾಸ್ಟಿಕ್ಕನ್ನೂ ಕಸದ ಗಾಡಿಗೆ ಹಾಕಿದೆ. ಚೀಲ ತೆಗೆದದ್ದು ಗಾಬರಿಯಲ್ಲಿ ಎನ್ನಬಹುದು. ಕತ್ತರಿ ಹಿಡಿದಾಗ ನನಗೆ ಯಾವ ಗಾಬರಿಯೂ ಇರಲಿಲ್ಲ.

ಮೂರನೆಯ ದಿನ ನೀನು ಪೇಡೆಯ ಡಬ್ಬಿ ಹಿಡಿದು ಬಂದೆ. ಮಗಳು ಹುಟ್ಟಿದ್ದಳು. ನಿನ್ನ ಒಡೆಯರು ಶೆಡ್ಡಿನ ಮುಂದೆಯೇ ನಿಂತಿದ್ದರು. ಬೈಯಲೂ ಇಲ್ಲ, "ತುಮ್ ಭೂಲ್ ಗಯೇ, ಸದಾನಂದ್" — ಮರೆತುಬಿಟ್ಟೆಯಲ್ಲ — ಎಂದರು ಅಷ್ಟೆ. ನೀನು ನನ್ನ ಕಡೆ ತಿರುಗಿದೆ.

"ಬಸಣ್ಣ, ನಾನು ಚೀಲ ಇಟ್ಟು ಹೋದದ್ದು ನೀವು ನೋಡಿದ್ದೀರಲ್ವಾ?"

"ನಾ ನೋಡಲಿಲ್ಲಪಾ."

ನೀನು ಜಗಳಕ್ಕೆ ಬರುತ್ತೀ ಎಂದುಕೊಂಡಿದ್ದೆ. ಬರಲಿಲ್ಲ. ಸುಮ್ಮನೆ ನಿನ್ನ ಕೈಗಳನ್ನು ನೋಡಿಕೊಂಡು, "ಹಾಗಾದ್ರೆ ಇಡ್ಲಿಲ್ವೋ ಏನೋ" ಎಂದೆ. ನನ್ನ ಮೇಲೆ ಅಷ್ಟು ನಂಬಿಕೆ ನಿನಗೆ — ನನ್ನ ಒಂದು ಮಾತಿಗೆ ನಿನ್ನ ನೆನಪನ್ನೇ ಸುಳ್ಳು ಮಾಡಿಕೊಂಡೆ. ಕೆಲಸ ಹೋಯಿತು. ನಾನು ಮಾತ್ರ ವಿಮಾನ ಉಳಿಸಿದ ಜಾಣನೆಂದು ಹೊಗಳಿಸಿಕೊಂಡು ನಿವೃತ್ತನಾದೆ.

ನೀನು ಜೋಗೇಶ್ವರಿಯ ಲೇತ್ ಕಾರ್ಖಾನೆ ಸೇರಿದ್ದು ಕೇಳಿ, ಹೇಗೋ ಬದುಕು ಸಾಗಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಕಳೆದ ವಾರ ವಾಸಂತಿ ಫೋನ್ ಮಾಡಿದಳು. ಹಾರಾಟ ಕಲಿಸುವ ಶಾಲೆಯೊಂದು ತನ್ನ ವಿಮಾನಗಳನ್ನು ನೋಡಿಕೊಳ್ಳಲು ನಿನ್ನನ್ನು ಕರೆದಿದೆಯಂತೆ, ನೀನು ಬೇಡವೆಂದು ಕೂತಿದ್ದೀಯಂತೆ.

"ನನಗೆ ಮರೆವು, ವಿಮಾನಕ್ಕೆ ಕೈ ಹಾಕೂದಿಲ್ಲ ಅಂತಾರೆ ಬಸಣ್ಣ. ಗ್ಯಾಸ್ ಬಂದ್ ಮಾಡಿದ್ದನ್ನೂ ಮೂರು ಮೂರು ಸಲ ಹೋಗಿ ನೋಡ್ತಾರೆ. ನಿಮ್ಮ ಮಾತಾದ್ರೆ ಕೇಳ್ತಾರೆ, ಸ್ವಲ್ಪ ಹೇಳಿ ಮಾರಾಯ್ರೆ."

ನನ್ನ ಮಾತಾದರೆ ಕೇಳುತ್ತೀಯಂತೆ! ಫೋನ್ ಇಟ್ಟು ಅತ್ತುಬಿಟ್ಟೆ. ನಾನು ಕಿತ್ತುಕೊಂಡದ್ದು ನಿನ್ನ ಕೆಲಸವನ್ನು ಮಾತ್ರ ಎಂದು ಇಷ್ಟು ವರ್ಷ ತಿಳಿದಿದ್ದೆ. ನಿನ್ನ ಕೈಯ ಮೇಲೆ ನಿನಗಿದ್ದ ಭರವಸೆಯನ್ನೇ ಕಿತ್ತುಕೊಂಡಿದ್ದೇನೆ ಎಂಬುದು ಅಂದು ತಿಳಿಯಿತು.

ನಿನ್ನೆ ಫೋರ್ಟ್ ಪ್ರದೇಶದ ಆಫೀಸಿಗೆ ಹೋಗಿ ನಿನ್ನ ಹಳೆಯ ಒಡೆಯರಿಗೆ ಎಲ್ಲವನ್ನೂ ಹೇಳಿದೆ. ನನ್ನನ್ನು ಅನ್ನಬೇಕಾದದ್ದನ್ನು ಅವರು ಅಂದರು, ನಾನು ಕೇಳಿಸಿಕೊಂಡೆ. ಆಮೇಲೆ ನಿನ್ನ ನಂಬರ್ ಬರೆದುಕೊಂಡರು. ಆ ಶಾಲೆಯವರೊಂದಿಗೂ ತಾವೇ ಮಾತಾಡುತ್ತಾರಂತೆ.

ಭಾನುವಾರ ನಿನ್ನ ಮನೆಗೆ ಬರುತ್ತೇನೆ. ವಾಸಂತಿಯ ಎದುರು, ಮಗಳ ಎದುರು, ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ.

ಸೋಮವಾರ ನೀನು ಶಾಲೆಗೆ ಉತ್ತರ ಕೊಡಬೇಕಂತೆ. ಈ ಸಲ ನನ್ನ ಮಾತು ಕೇಳಿ ಹೂಂ ಎನ್ನಬೇಡ. ಆ ಬೆಳಗಿನದು ನಿನಗೆ ಏನೇನು ನೆನಪಿದೆಯೋ — ಬೆನ್ನ ಮೇಲಿನ ಭಾರ, ಮಳೆ, ಚೀಲದ ಮೇಲೆ ಚೀಲ — ಅದೆಲ್ಲ ನಿಜ. ಅದನ್ನು ನಂಬಿ ಹೂಂ ಅನ್ನು.