ಅಳತೆಗೆ ನಿಂತವರು ನಡುಗಬಾರದು

ಗುಂಡಿಯಕ್ಕನಿಗೆ ಆ ಹೆಸರಿಟ್ಟವರು ಅವಳ ಗಿರಾಕಿಗಳು. ಪ್ಯಾಂಟಿನ ಅಂಚು ಮಡಿಸಲು ಕೊಟ್ಟರೆ ಬರೀ ಅಂಚು ಮಡಿಸಿ ಕಳಿಸುವ ಹೆಂಗಸಲ್ಲ ಅವಳು. ಸಡಿಲವಾದ ಗುಂಡಿಯೊಂದು ಕಣ್ಣಿಗೆ ಬಿದ್ದರೆ ಮುಗಿಯಿತು, ಯಾರೂ ಹೇಳದಿದ್ದರೂ ಅದನ್ನು ಬಿಗಿದೇ ಕೊಡುವಳು. ಅದಕ್ಕೆ ಕಾಸು ಕೇಳುತ್ತಿದ್ದಳೇ ಎಂದರೆ ಅದೂ ಇಲ್ಲ. "ಗುಂಡಿಗೇನ್ ತಗೊಳ್ಳೋದು, ಒಂದೆಳೆ ದಾರ ತಾನೆ" ಅನ್ನುವಳು. ಹೀಗೆ ಬದುಕಿದವರು ಎಲ್ಲಾದರೂ ಉದ್ಧಾರವಾಗಿದ್ದಾರೆಯೇ, ನೀವೇ ಹೇಳಿ.

ನೆಲಮಹಡಿಯಲ್ಲಿ ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ನಿಲುವುಗನ್ನಡಿ, ಹ್ಯಾಂಗರಿಗೆ ನೇತುಹಾಕಿದ ಪರರ ಬಟ್ಟೆಗಳು, ಬಂದವರು ಬಟ್ಟೆ ಬದಲಿಸಲು ಒಂದು ಪರದೆ. ಹಿಂದಿನ ಕೋಣೆಯಲ್ಲಿ ಮಂಚ, ಒಲೆ, ಪಾತ್ರೆ, ಗಂಡ. ಬೀದಿಯ ಕಡೆ ಬೆಳಕು, ಹಿಂದುಗಡೆ ತೇವ. ಆ ಊರಿನಲ್ಲಿ ವರ್ಷದ ಅರ್ಧ ಭಾಗ ಚಳಿಯದೇ ಆಳ್ವಿಕೆ. ಬೆಳಗ್ಗೆ ಎದ್ದರೆ ಹಿಂದಿನ ಕೋಣೆಯ ಕಿಟಕಿಯ ಗಾಜಿಗೆ ಒಳಗಿನಿಂದಲೇ ಮಂಜು ಕಟ್ಟಿರುತ್ತಿತ್ತು, ಮೂಲೆಯ ಗೋಡೆಯಲ್ಲಿ ಕಪ್ಪು ಬೂಷ್ಟು ಸೊಂಪಾಗಿ ಬೆಳೆಯುತ್ತಿತ್ತು.

ಗಂಡ ಬೇಕರಿಯವನು. ಮೀಸೆ ಮೂಡುವ ಮೊದಲು ಭಟ್ಟಿಯ ಮುಂದೆ ನಿಂತವನು ತಲೆ ನರೆಯುವ ತನಕ ಅಲ್ಲೇ ನಿಂತಿದ್ದ. ಜೀವಮಾನವೆಲ್ಲ ಬೆಂಕಿಯ ಮುಂದೆ ಕಳೆದವನಿಗೆ ಚಳಿ ಅಂದರೇನೆಂದು ಗೊತ್ತಿರಲಿಲ್ಲ. ಹಿಟ್ಟಿನ ಧೂಳು ಮಾತ್ರ ಎದೆಯೊಳಗೆ ಹೊಕ್ಕು, ಬಾಡಿಗೆ ಕೊಡದ ಬಿಡಾರದವನ ಹಾಗೆ ಅಲ್ಲೇ ಝಂಡಾ ಊರಿತು. ಕೆಮ್ಮು ಜೋರಾದ ಮೇಲೆ ಮಾಲೀಕ, "ಕೆಮ್ಮೋನ ಕೈಯ ಬ್ರೆಡ್ಡು ಯಾರು ತಿಂತಾರಪ್ಪಾ" ಎಂದು ಬೆನ್ನು ತಟ್ಟಿ ಮನೆಗೆ ಕಳಿಸಿದ. ಕಳೆದ ಚಳಿಗಾಲದಲ್ಲಿ ಜೀವ ಬಾಯಿಗೆ ಬಂದು, ಆಸ್ಪತ್ರೆ ಸೇರಿ, ಹೇಗೋ ಉಳಿದು ಬಂದ. ಡಾಕ್ಟರಮ್ಮ ಗುಂಡಿಯಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದಳು: "ಔಷಧಿ ನಾವು ಕೊಡ್ತೀವಮ್ಮಾ. ಆದ್ರೆ ಇವರು ಬೆಚ್ಚಗಿರಬೇಕು. ಇನ್ನೊಂದು ಚಳಿಗಾಲ ಆ ತೇವದ ಕೋಣೇಲಿ ಕಳೆದ್ರೆ ಆಮೇಲೆ ನಮ್ಮ ಕೈಲಿ ಏನೂ ಇರಲ್ಲ."

ಇದ್ದದ್ದು ಒಂದೇ ಹೀಟರು. ಗಿರಾಕಿ ಬಂದರೆ ಅದು ಮುಂದಿನ ಕೋಣೆಗೆ, ಹೋದರೆ ಹಿಂದಿನ ಕೋಣೆಗೆ. ಕಂಕುಳ ಮಗುವನ್ನು ಎತ್ತಿಕೊಂಡ ಹಾಗೆ ಗುಂಡಿಯಕ್ಕ ಅದನ್ನು ಎತ್ತಿಕೊಂಡು ಓಡಾಡುತ್ತಿದ್ದಳು. ಗಿರಾಕಿಗೇಕೆ ಹೀಟರು ಎಂದು ಕೇಳಬೇಡಿ, ಅದು ಅವಳ ಕಸುಬಿನ ಮಾತು. ಅಳತೆ ಕೊಡುವವರು ಕೋಟು ಬಿಚ್ಚಿ ನಿಲ್ಲಬೇಕು. ಚಳಿಯಾದರೆ ಮನುಷ್ಯ ಭುಜ ಕುಗ್ಗಿಸುತ್ತಾನೆ, ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ. ಅದೇ ಅಳತೆಗೆ ಹೊಲಿದರೆ ಭುಜ ಹಿಡಿಯುತ್ತದೆ. "ಅಳತೆಗೆ ನಿಂತೋರು ನಡುಗಬಾರದು" ಎಂದು ಅವಳಿಗೆ ಕಸುಬು ಕಲಿಸಿದ ಸೋದರತ್ತೆ ಹೇಳಿದ್ದನ್ನು ಅವಳು ಗಂಟು ಹಾಕಿಕೊಂಡಿದ್ದಳು. ಹಾಗಾಗಿ ಯಾರೇ ಬರುತ್ತಾರೆಂದರೂ ಅರ್ಧ ಗಂಟೆ ಮೊದಲೇ ಕೋಣೆ ಬೆಚ್ಚಗಾಗಬೇಕು. ಕೇಳಿದ್ದರೆ ಅವಳು ಅದನ್ನು ನಿಯಮ ಎಂದೂ ಅನ್ನುತ್ತಿರಲಿಲ್ಲ, ಅದು ಅವಳ ಕೈಗೆ ಅಂಟಿಹೋಗಿತ್ತು.

ಕರೆಂಟಿನ ದರ ಏರಿ, ಬಾಕಿ ಬೆಳೆದು, ಕಂಪನಿಯವರು ಬಂದು ಮೊದಲೇ ದುಡ್ಡು ತುಂಬಿದರೆ ಮಾತ್ರ ಉರಿಯುವ ಮೀಟರು ಹಾಕಿ ಹೋದರು. ತುಂಬಿದ್ದು ಮುಗಿದರೆ ಮನೆಯೆಲ್ಲ ಕತ್ತಲು. ಆಗ ಶಾಲೆಯೊಂದರಲ್ಲಿ ಆಯಾ ಆಗಿದ್ದ ಮೇಲ್ಮನೆಯವಳು ಇವಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದಳು.

"ಸರ್ಕಾರದೋರೇ ಹೀಟರ್ ಖರ್ಚಿಗೆ ಕೊಡ್ತಾರೆ ಅಕ್ಕಾ. ಚಳಿಗಾಲ ಪೂರ್ತಿ ಮೀಟರಿಗೆ ಅವರೇ ತುಂಬ್ತಾರೆ. ನಮ್ದು ಆಗಿದೆ. ಅರ್ಜಿ ಕೊಟ್ಟು ಬನ್ನಿ, ನಾಚ್ಕೊಂಡು ಕೂತ್ರೆ ಯಾರೂ ತಂದುಕೊಡಲ್ಲ."

ಗುಂಡಿಯಕ್ಕ ಹೋದಳು. ಆ ಕಚೇರಿ ಎಂಥ ಬೆಚ್ಚಗಿತ್ತು ಅಂತೀರಿ! ಗುಮಾಸ್ತರು ಅರ್ಧ ತೋಳಿನ ಅಂಗಿಯಲ್ಲಿದ್ದರು, ಒಬ್ಬ ಸೆಖೆ ತಾಳದೆ ಕಿಟಕಿ ತೆರೆದಿಟ್ಟಿದ್ದ. ಚಳಿಯ ಅರ್ಜಿ ತೆಗೆದುಕೊಳ್ಳುವವರು ಬೆವರು ಒರೆಸಿಕೊಳ್ಳುವುದನ್ನು ನೋಡಿ ಬೇರೆ ಯಾರಾದರೂ ಆಗಿದ್ದರೆ ಎರಡು ಮಾತು ಆಡಿಯೇ ಬರುತ್ತಿದ್ದರು. ಇವಳಿಗೆ ಅನ್ನಿಸಿದ್ದು ಒಂದೇ, ಯಜಮಾನರನ್ನೂ ಕರಕೊಂಡು ಬರಬೇಕಿತ್ತು, ಇಷ್ಟು ಹೊತ್ತು ಬೆಚ್ಚಗೆ ಕೂತಿರುತ್ತಿದ್ದರು.

ಗಾಜಿನ ಹಿಂದಿದ್ದ ಗುಮಾಸ್ತೆ ಡಾಕ್ಟರಮ್ಮನ ಚೀಟಿ ನೋಡಿದಳು, ತಲೆಯಾಡಿಸಿದಳು. "ಎಲ್ಲಾ ಸರಿ ಇದೆಯಮ್ಮಾ. ನಮ್ಮ ಸಾಹೇಬರು ಮನೆ ನೋಡೋಕೆ ಬರ್ತಾರೆ. ಅವರು ಏನು ಬರೀತಾರೋ ಅದೇ ಕೊನೆ. ಒಂದು ಚಳಿಗಾಲಕ್ಕೆ ಒಂದೇ ಸಲ ನೋಡೋದು, ಮನೇಲಿರಿ."

ಸರ್ಕಾರದವರು ಮನೆಗೆ ಬರುತ್ತಾರೆ! ಗುಂಡಿಯಕ್ಕನ ಮನೆಗೆ ಅಂಥವರು ಯಾವ ಕಾಲಕ್ಕೆ ಬಂದಿದ್ದರು? ಅವರು ಬರುವ ಹಿಂದಿನ ದಿನವೇ ಸೆರಗು ಬಿಗಿದು ಕೆಲಸಕ್ಕೆ ಇಳಿದಳು. ಸ್ಟೂಲು ಹತ್ತಿ ಬೂಷ್ಟನ್ನೆಲ್ಲ ಬ್ಲೀಚು ಹಾಕಿ ಉಜ್ಜಿ ಉಜ್ಜಿ ತೆಗೆದಳು. ಕಲೆ ಹೋಗದ ಕಡೆ ಒಗೆದ ಬಿಳಿ ದುಪ್ಪಟಿಯನ್ನು ಪರದೆಯ ಹಾಗೆ ಇಳಿಬಿಟ್ಟಳು. ಕಿಟಕಿಯ ಸಂದಿಗೆ ಚಿಂದಿ ತುರುಕಿದಳು. ಗಂಡ ಮಂಚದ ಮೇಲೆ ಕೂತು ಎಲ್ಲ ನೋಡುತ್ತಿದ್ದ.

"ಏನೇ ಇದು, ಹೊಸ ಅಳಿಯ ಬರ್ತಿದ್ದಾನಾ?"

"ನಿಮಗೆ ತಮಾಷೆ. ಬಂದೋರು ಇದೇನು ಮನೇನಾ ಕೊಟ್ಟಿಗೇನಾ ಅಂದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?"

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಹೀಟರು ಹಚ್ಚಿದಳು. ಆ ವಾರಕ್ಕೆಂದು ಮೀಟರಿನಲ್ಲಿ ಇಟ್ಟದ್ದೆಲ್ಲ ಅಂದೇ ಉರಿಯಿತು. ನಡುವಿನ ಬಾಗಿಲು ತೆರೆದಿಟ್ಟಳು, ಹಿಂದಿನ ಕೋಣೆಗೂ ಬಿಸಿ ಹೋಗಲಿ ಎಂದು. ಗಂಡನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂರಿಸಿದಳು. ಬಿಸಿಗೆ ಅವನ ಕೆಮ್ಮು ಇಳಿಯಿತು, ಕೆನ್ನೆಗೆ ಬಣ್ಣ ಬಂತು. ಭಟ್ಟಿಯ ಕಾಲದ ಹಾಗೆ ತೋಳು ಮಡಿಸಿಕೊಂಡು ಕೂತ.

ಸಾಹೇಬ ಎಂದರೆ ಇನ್ನೂ ಎಳೆ ಮುಖದವನು. ಒಳಗೆ ಬಂದವನೇ, "ಅಬ್ಬಾ, ಏನು ಚಳಿ ಹೊರಗೆ, ಇಲ್ಲಿ ಹಾಯಾಗಿದೆ" ಎಂದು ಕೋಟು ಬಿಚ್ಚಿದ. ಕೋಟಿನ ಗುಂಡಿಯೊಂದು ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಇನ್ನು ಕೇಳಬೇಕೆ, ಇವಳ ಕೈ ಸುಮ್ಮನಿದ್ದೀತೇ? ಅವನು ಬೇಡ ಬೇಡ ಅನ್ನುತ್ತಿದ್ದ ಹಾಗೇ ಕೋಟು ಈಸಿಕೊಂಡು ಸೂಜಿಗೆ ದಾರ ಪೋಣಿಸಿದಳು. ಅವನು ಬರೀ ಅಂಗಿಯಲ್ಲಿ ಕೂತು, ಮೇಜಿನ ಮೇಲೆ ಥರ್ಮಾಮೀಟರು ಇಟ್ಟು, ಅವಳು ಕೊಟ್ಟ ಟೀ ಕುಡಿದ. ಹಿಂದಿನ ಕೋಣೆಗೂ ಹೋಗಿ ಗೋಡೆ ನೋಡಿಬಂದ.

"ಚೆನ್ನಾಗಿಟ್ಟಿದ್ದೀರಮ್ಮಾ. ಚಳಿಯಿಂದ ತೊಂದರೆ ಏನಾದ್ರೂ?"

ಆಗ ಹೇಳಬೇಕಿತ್ತು. ಬಾಯಿ ಬಿಟ್ಟು ಹೇಳಬೇಕಿತ್ತು. ಆದರೆ ಮನೆಗೆ ಬಂದವರು ಹೇಗಿದ್ದೀರಿ ಎಂದು ಕೇಳಿದರೆ ಕಷ್ಟ ಬಿಚ್ಚಿ ಹರಡುವ ಜಾತಿಯವರಲ್ಲ ಆ ಗಂಡ ಹೆಂಡತಿ. "ಹೇಗೋ ನಡೀತಿದೆ ಸಾರ್, ನೀವು ಬಂದ್ರಲ್ಲ, ಅದೇ ದೊಡ್ಡದು" ಎಂದಳು. ಗಂಡನೂ ನಕ್ಕು, "ಆರಾಮಾಗಿದೀವಿ ಸಾರ್" ಎಂದ. ಸಾಹೇಬ ಕೆಟ್ಟವನಲ್ಲ, ಅವನನ್ನು ಬೈದು ಪ್ರಯೋಜನವಿಲ್ಲ. ಕಂಡದ್ದನ್ನು ಬರೆದುಕೊಂಡ. ಹೋಗುವಾಗ ಗುಂಡಿ ಮುಟ್ಟಿ ನೋಡಿಕೊಂಡು ಥ್ಯಾಂಕ್ಸ್ ಹೇಳಿದ. ಗಂಡ ಹೆಂಡತಿ ಆ ಸಂಜೆ ಮನಸ್ಸು ತುಂಬಿ ಮಾತಾಡಿಕೊಂಡರು, ಎಷ್ಟು ಒಳ್ಳೆಯ ಹುಡುಗ, ಖಂಡಿತ ಮಾಡಿಕೊಡುತ್ತಾನೆ ಎಂದು.

ಬಂದ ಉತ್ತರದಲ್ಲಿ ಎರಡೇ ಸಾಲು. ಮನೆ ಸಾಕಷ್ಟು ಬೆಚ್ಚಗಿದೆ, ತೇವದ ಗುರುತಿಲ್ಲ, ಸಹಾಯದ ಅಗತ್ಯ ಕಾಣುವುದಿಲ್ಲ.

ಮೇಲ್ಮನೆಯ ಆಯಾ ಅದನ್ನು ಓದಿ ಇವಳ ಮುಖ ನೋಡಿದಳು. ನಡೆದದ್ದೆಲ್ಲ ಕೇಳಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಅಕ್ಕಾ, ಹೀಟರ್ ಹಚ್ಚಿ ಕೂರಿಸಿದ್ರಾ? ನಾವು ಹಿಂದಿನ ರಾತ್ರಿ ಎಲ್ಲಾ ಕಿಟಕಿ ತೆರೆದಿಟ್ಟಿದ್ವಿ. ಮಕ್ಕಳಿಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಸಾಲಾಗಿ ನಿಲ್ಲಿಸಿದ್ದೆ. ಬಂದ ಸಾಹೇಬನ ಕೈಲಿ ಪೆನ್ನು ನಿಲ್ತಿರಲಿಲ್ಲ ನಡುಕಕ್ಕೆ. ಇದನ್ನೂ ಹೇಳ್ಕೊಡಬೇಕು ಅಂತ ನನಗೆ ಹೊಳೀಲೇ ಇಲ್ಲ."

ಗುಂಡಿಯಕ್ಕ ಗೋಡೆ ಉಜ್ಜಿದ ತನ್ನ ಕೈಗಳನ್ನೇ ನೋಡುತ್ತ ಮೆಟ್ಟಿಲ ಮೇಲೆ ಕೂತಳು.

ಮಾರನೆಯ ಬೆಳಗ್ಗೆ ಮತ್ತೆ ಕಚೇರಿಗೆ ಓಡಿದಳು. ಬಾಯಿ ಸತ್ತ ಹೆಂಗಸು ಅಂದು ಗಾಜಿಗೆ ಮುಖ ಒತ್ತಿ ಬೇಡಿಕೊಂಡಳು. "ಈಗಲೇ ಬಂದು ನೋಡಿ ತಾಯೀ. ಈ ಕ್ಷಣ ಯಾರನ್ನಾದ್ರೂ ಕಳಿಸಿ. ಅವತ್ತು ಸಾಹೇಬರು ಬರ್ತಾರೆ ಅಂತ ಹಚ್ಚಿದ್ದು."

ಗುಮಾಸ್ತೆಗೆ ನಿಜವಾಗಿಯೂ ಸಂಕಟವಾಯಿತು. "ನನಗೆ ಅರ್ಥ ಆಗುತ್ತಮ್ಮಾ. ಆದ್ರೆ ಹೀಗೆ ಹೇಳ್ಕೊಂಡು ದಿನಾ ಬರ್ತಾರೆ. ಥರ್ಮಾಮೀಟರ್ ತೋರಿಸಿದ್ದು ತೋರಿಸಿತು. ಮುಂದಿನ ಚಳಿಗಾಲಕ್ಕೆ ಮತ್ತೆ ಹಾಕಿ, ನಾನೇ ನಿಂತು ಮಾಡಿಸ್ತೀನಿ."

"ಮುಂದಿನ ಚಳಿಗಾಲಕ್ಕೆ ಅವರಿರಬೇಕಲ್ಲಮ್ಮಾ" ಎಂದಳು ಇವಳು. ಹಿಂದೆ ನಿಂತಿದ್ದವರು ಬೇಗ ಬೇಗ ಎಂದು ಗೊಣಗತೊಡಗಿದರು. ಪಕ್ಕಕ್ಕೆ ಸರಿದಳು.

ಮನೆಗೆ ಬಂದು ಗಂಡನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಮುಚ್ಚಿಡುವ ಶಕ್ತಿ ಇರಲಿಲ್ಲ. "ನಾನೇ ಕೊಂದೆ ನಿಮ್ಮನ್ನ" ಎಂದು ಅತ್ತಳು. ಅವನು ಕೆಮ್ಮು ನಿಲ್ಲುವ ತನಕ ಕಾದು, "ಬಂದೋನನ್ನ ಚಳೀಲಿ ಕೂರಿಸೋಕಾಗುತ್ತೇನೇ, ಬಿಡು" ಎಂದ. ಬೈದಿದ್ದರೆ ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆಮೇಲೆ ಅವಳು ಮಾಡಿದ್ದು ಜೀವಮಾನದಲ್ಲಿ ಮಾಡದ ಕೆಲಸ. ಹೀಟರನ್ನು ಹಿಂದಿನ ಕೋಣೆಯಲ್ಲೇ ಇಟ್ಟು ಬಾಗಿಲು ಮುಚ್ಚಿದಳು. ಗಿರಾಕಿಗಳು ಮುಂದಿನ ಕೋಣೆಯಲ್ಲಿ ಹಲ್ಲು ಕಟಕಟಿಸಿಕೊಂಡು ಅಳತೆಗೆ ನಿಂತರು, ಅವಳ ಬೆರಳು ಮರಗಟ್ಟಿ ಟೇಪು ಜಾರಿತು. ಒಂದು ಕೋಟಿನ ತೋಳು ಗಿಡ್ಡವಾಯಿತು, ಒಂದು ಜಾಕೀಟು ಭುಜ ಹಿಡಿಯಿತು. ಯಾರೂ ಜಗಳವಾಡಲಿಲ್ಲ, ಅದೇ ದೊಡ್ಡ ಕೇಡು. ಸುಮ್ಮನೆ ಬರುವುದನ್ನು ಬಿಟ್ಟರು, ಅಷ್ಟೆ. ಗಿರಾಕಿ ಕಡಿಮೆಯಾದ ಹಾಗೆ ಮೀಟರಿಗೆ ತುಂಬುವುದೂ ಕಡಿಮೆಯಾಯಿತು. ಕೊನೆಗೆ ಹಿಂದಿನ ಕೋಣೆಯೂ ತಣ್ಣಗಾಯಿತು, ಬೂಷ್ಟು ಬಿಳಿ ದುಪ್ಪಟಿಯನ್ನೂ ಬಿಡಲಿಲ್ಲ.

ಗಂಡನ ತುಟಿ ನೀಲಿಗಟ್ಟಿದ ದಿನ ಆಂಬುಲೆನ್ಸು ಬಂತು. ಆಸ್ಪತ್ರೆಯ ವಾರ್ಡು ಬೆಚ್ಚಗಿತ್ತು. ಒಂದೆರಡು ದಿನದಲ್ಲೇ ಎದ್ದು ಕೂತ, ಗಂಜಿ ಕುಡಿದ, ಪಕ್ಕದ ಹಾಸಿಗೆಯವನಿಗೆ ಬನ್ನು ಉಬ್ಬದಿದ್ದರೆ ಏನು ಮಾಡಬೇಕೆಂದು ಪಾಠ ಹೇಳಿದ. ಗುಂಡಿಯಕ್ಕ ಅವನ ಪಾದ ಮುಟ್ಟಿ ಮುಟ್ಟಿ ನೋಡುವಳು, ಬಿಸಿಯಿದೆ ಎಂದು ಸಮಾಧಾನಪಡುವಳು. ಅವನು ನಿದ್ದೆ ಹೋದಾಗ ಗೋಡೆಯ ಬಿಸಿ ಕೊಳವೆಗೆ ಬೆನ್ನು ಕೊಟ್ಟು ಅಲ್ಲೇ ತೂಕಡಿಸುವಳು.

ವಾರ ಕಳೆಯುವ ಮೊದಲೇ ಡಾಕ್ಟರಮ್ಮ ನಗುತ್ತ ಬಂದಳು. "ಯಜಮಾನರು ಗೆದ್ರು. ನಾಳೆ ಮನೆಗೆ ಕರ್ಕೊಂಡು ಹೋಗಬಹುದು."

ಬೇರೆ ಹೆಂಡತಿಯರಾದರೆ ಕೈ ಮುಗಿಯುತ್ತಿದ್ದರು. ಇವಳು ಡಾಕ್ಟರಮ್ಮನ ತೋಳು ಹಿಡಿದಳು. "ಇನ್ನೊಂದು ನಾಲ್ಕು ದಿನ ಇಟ್ಕೊಳ್ಳಿ" ಎಂದಳು. ಯಾಕೆ ಎಂದು ಡಾಕ್ಟರಮ್ಮ ಹುಬ್ಬೇರಿಸಿದಳು. ವಾರ್ಡಿನ ತುಂಬ ಜನ, ಎಲ್ಲರ ಕಿವಿಯೂ ಈ ಕಡೆಗೇ. ಈ ಸಲ ಗುಂಡಿಯಕ್ಕ ನಾಚಲಿಲ್ಲ. "ನಮ್ಮನೆ ಕೊರೆಯುತ್ತೆ ಡಾಕ್ಟ್ರೇ. ಗೋಡೆ ತುಂಬಾ ಬೂಷ್ಟು. ಹೀಟರ್ ಹಚ್ಚೋಕೆ ನಮ್ಮ ಹತ್ರ ಕಾಸಿಲ್ಲ. ಕರ್ಕೊಂಡು ಹೋದ್ರೆ ಇವರು ಉಳಿಯಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಡಾಕ್ಟರಮ್ಮ ಬಾಗಿಲ ಕಡೆ ಕೈ ತೋರಿಸಿದಳು. "ಹೊರಗೆ ಬೆಂಚಿನ ಮೇಲೆ ಮಲಗಿಸಿದೀವಮ್ಮಾ ಪೇಷೆಂಟುಗಳನ್ನ. ಹಾಸಿಗೆ ಇಲ್ಲ. ಕಾಯಿಲೆ ಇದ್ರೆ ಇಟ್ಕೋಬಹುದು, ಚಳಿಗೆ ಅಂತ ಇಟ್ಕೊಳ್ಳೋಕೆ ನನಗೆ ಅಧಿಕಾರ ಇಲ್ಲ" ಎಂದಳು. ಹೇಳುವಾಗ ಇವಳ ಕಣ್ಣು ತಪ್ಪಿಸಿದಳು.

ಮಾರನೆಯ ದಿನ ಮಧ್ಯಾಹ್ನ ಬಸ್ಸಿನಲ್ಲಿ ಮನೆಗೆ ಬಂದರು. ಬಾಗಿಲು ತೆರೆದರೆ ಹೊರಗಿಗಿಂತ ಒಳಗೇ ಹೆಚ್ಚು ಚಳಿ. ಗಂಡ ಕೋಟು, ಟೋಪಿ ಯಾವುದನ್ನೂ ಬಿಚ್ಚದೆ ಮಂಚದ ಅಂಚಿಗೆ ಕೂತ. ಉಸಿರು ಬಾಯಿಯ ಮುಂದೆ ಬಿಳಿಯಾಗಿ ಕಾಣುತ್ತಿತ್ತು. ಗುಂಡಿಯಕ್ಕ ಹೀಟರಿನ ಹತ್ತಿರ ಬಗ್ಗಿದಳು.

"ಬೇಡ ಬಿಡೇ" ಎಂದ ಅವನು. "ಇರೋ ಚೂರು ಉಳಿಸು, ದೀಪಕ್ಕೆ ಬೇಕು. ಯಾರೂ ಬಂದಿಲ್ವಲ್ಲ ಈಗ."

ಮದುವೆಯಾದಂದಿನಿಂದ ಅವನ ಮಾತಿಗೆ ಎದುರಾಡದವಳು ತಟ್ಟನೆ ತಿರುಗಿದಳು. "ಯಾರೂ ಬಂದಿಲ್ವಾ? ಹಾಗಾದ್ರೆ ನೀವ್ಯಾರು?" ಎಂದಳು. "ಇಷ್ಟು ವರ್ಷ ಊರೋರಿಗೆಲ್ಲ ಹಚ್ಚಿದೀನಿ ನಾನು. ನಿಮ್ಮನ್ನ ಈ ಚಳೀಲಿ ಕೂರಿಸಿ ಕಂಡೋರನ್ನ ಬೆಚ್ಚಗಿಟ್ಟಿದೀನಿ."

ಹೀಟರನ್ನು ಪೂರ್ತಿ ಹಚ್ಚಿ ಅವನ ಕಾಲ ಹತ್ತಿರಕ್ಕೆ ಎಳೆದಳು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು, ಬಿಸಿ ಎದೆಗೆ ತಾಗಲಿ ಎಂದು. ಅವನು ಬೇಡವೆನ್ನಲಿಲ್ಲ, ಕಣ್ಣು ಮುಚ್ಚಿಕೊಂಡು ಕೈಗಳನ್ನು ಮುಂದಕ್ಕೆ ಚಾಚಿದ. ಆ ಬಿಸಿ ಸಂಜೆಯ ತನಕ ಬಂದರೆ ಹೆಚ್ಚು ಎಂದು ಇಬ್ಬರಿಗೂ ಗೊತ್ತಿತ್ತು.